ಒಂದು ಕಣ್ಣು ಹಳದಿ

ನನ್ನ ಯಜಮಾನರು ಕಾಮಾಲೆಯಿಂದ ತೀರಿಕೊಂಡ ಮೇಲೆ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಆ ಮನೆಯಲ್ಲಿ ಉಳಿದವರು ನಾನು ಮತ್ತು ಅತ್ತೆ. ಜೊತೆಗೆ, ತಗಡಿನ ಶೆಡ್ಡಿನಲ್ಲಿ ಅವರ ಕಪ್ಪು ಅಂಬಾಸಿಡರ್. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾನು ಹರಿಹರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಕಾರು ಓಡಿಸುವುದನ್ನು ಅವರೇ ಕಲಿಸಿದ್ದರು. ಆದರೂ ದಿನಾ ಹೋಗಿಬರುವುದು ಬಸ್ಸಿನಲ್ಲಿ. ಲ್ಯಾಬಿನ ಗಾಜಿನ ಸಾಮಾನು ಒಯ್ಯಬೇಕಾದಾಗ ಮಾತ್ರ ಕಾರು ತೆಗೆಯುತ್ತಿದ್ದೆ.

ಆ ಕಾರಿನ ಎರಡು ಹೆಡ್‌ಲೈಟುಗಳು ಒಂದೇ ಜಾತಿಯವಲ್ಲ. ಅವರು ಬದುಕಿದ್ದಾಗ ಹದಡಿಯಿಂದ ಬರುತ್ತಾ ಲಾರಿಯ ಗಾಲಿಯಿಂದ ಸಿಡಿದ ಕಲ್ಲು ಎಡಗಡೆಯ ದೀಪಕ್ಕೆ ಬಡಿದಿತ್ತು. ಅದು ಸೀಲ್ಡ್ ಬೀಮ್. ಗಾಜು, ಕನ್ನಡಿ, ಉರಿಯುವ ತಂತಿ ಎಲ್ಲ ಸೇರಿ ಒಂದೇ ಮುಚ್ಚಿದ ಬುಂಡೆ. ಒಂದು ಕಡೆ ಬಿರುಕು ಬಿಟ್ಟರೆ ಇಡೀ ದೀಪವೇ ಸತ್ತಂತೆ. ಪೇಟೆಯಲ್ಲಿ ಅಂಥದ್ದು ಸಿಗದೆ, ಅವರ ಗೆಳೆಯನಾದ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ ಎಲ್ಲಿಂದಲೋ ಬಿಚ್ಚಿಟ್ಟಿದ್ದ ಬೇರೆ ದೀಪ ಹಾಕಿಸಿಕೊಂಡು ಬಂದರು. ಉಬ್ಬಿದ ಗಾಜು, ಒಳಗೆ ಇಣುಕಿದರೆ ಬೇರೆಯಾಗಿ ಕಾಣುವ ಬಲ್ಬು, ಆ ಬಲ್ಬಿನ ಬಣ್ಣ ಅಚ್ಚ ಹಳದಿ.

ಅಂಗಳದಲ್ಲಿ ದೀಪ ಹಾಕಿ ಅತ್ತೆಗೆ ತೋರಿಸುತ್ತಾ ನಕ್ಕರು. "ನೋಡವ್ವಾ, ನಮ್ಮ ಗಾಡಿಗೆ ಒಂದು ಕಣ್ಣು ಕಾಮಾಲೆ ಆಗೇತಿ."

ಮುಂದಿನ ಬೇಸಿಗೆಯಲ್ಲಿ ಅವರ ಕಣ್ಣೇ ಹಳದಿಯಾಯಿತು. ಆಸ್ಪತ್ರೆಯಿಂದ ಅವರು ಮನೆಗೆ ಬರಲಿಲ್ಲ. ಅತ್ತೆ ಆ ಮಾತನ್ನು ಮರೆಯಲಿಲ್ಲ. "ಅವನ ಬಾಯಾಗ ಬಂದಿದ್ದೇ ಅವನ ಮೈಗೆ ಬಂತು" ಎನ್ನುತ್ತಿದ್ದರು. ಕಾರಿನ ಮುಂದೆ ಹಾಯುವಾಗ ಸೆರಗು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು.

ಮಳೆಗಾಲ ಕಳೆದ ಮೇಲೆ ಶಾಮನೂರಿನಿಂದ ಸೊಪ್ಪು ತರುತ್ತಿದ್ದ ಹೆಂಗಸು ಬುಟ್ಟಿ ಇಳಿಸುತ್ತಾ ಅತ್ತೆಯನ್ನು ಕೇಳಿದಳು: "ಕಾರು ಮಾರಿದ್ರೇನವ್ವಾ?"

"ಇಲ್ಲವ್ವ, ಯಾಕ?"

"ಅಲ್ಲ, ನಿನ್ನೆ ಸಂಜಿಮುಂದ ಹರಿಹರದ ರೋಡಿನಾಗ ನೋಡಿದ್ನವ್ವ. ಒಂದು ದೀಪ ಹಳದಿ, ಒಂದು ಬೆಳ್ಳಗ. ಯಾರೋ ಗಂಡಸರು ಓಡಿಸ್ತಿದ್ರು."

ಹಿಂದಿನ ಸಂಜೆ ಕಾರು ಶೆಡ್ಡಿನಲ್ಲೇ ಇತ್ತು. ಕೀಲಿಕೈ ನನ್ನ ಬ್ಯಾಗಿನಲ್ಲಿತ್ತು. ಬೇರೆ ಯಾವುದೋ ಗಾಡಿ ಇರಬೇಕು ಎಂದೆ. ಅತ್ತೆ ಸೊಪ್ಪು ಸೋಸತೊಡಗಿದರು. ಸ್ವಲ್ಪ ದಿನಕ್ಕೆ ಹಾಲಿನವನೂ ಅದನ್ನೇ ಹೇಳಿದ. ಅಲ್ಲಿಂದ ಅತ್ತೆ ಹತ್ತಿ ಗಿರಣಿಯ ಸಂಜೆಯ ಕೂಗು ಕೇಳಿದೊಡನೆ ಗೇಟು ತೆಗೆದಿಟ್ಟು ಕಟ್ಟೆಯ ಮೇಲೆ ಕೂರಲು ಶುರುಮಾಡಿದರು. ಯಾಕೆಂದು ನಾನು ಕೇಳಲಿಲ್ಲ. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ನಾನೂ ಶೆಡ್ಡಿಗೆ ಹೋಗಿ ಕಾರಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡುತ್ತಿದ್ದೆ. ಒಂದು ದಿನ ಅದು ಬೆಚ್ಚಗಿತ್ತು. ತಗಡಿನ ಮೇಲೆ ಬಿಸಿಲು ಬಿದ್ದಿದೆ ಎಂದುಕೊಂಡೆ. ಹೊರಗೆ ಬಂದು ನೋಡಿದರೆ ಮೋಡ ಕವಿದಿತ್ತು.

ಆಮೇಲೆ ನಾನೇ ಅದನ್ನು ನೋಡಿದೆ.

ಶಾಲೆ ಬಿಟ್ಟು ಬಸ್ಸಿನಲ್ಲಿ ಬರುತ್ತಿದ್ದೆ. ಹೊತ್ತು ಮುಳುಗಿ ಹೊಳೆಯ ಮೇಲೆ ಹೊಗೆಯಂಥ ಮಂಜು ಎದ್ದಿತ್ತು. ಹರಿಹರದ ಹೊರಗೆ ಎತ್ತಿನ ಗಾಡಿಗಳ ಸಾಲಿಗೆ ದಾರಿ ಬಿಡಲು ಬಸ್ಸು ನಿಂತಿತು. ಎದುರಿನಿಂದ ಕಪ್ಪು ಅಂಬಾಸಿಡರ್ ಒಂದು ನಿಧಾನವಾಗಿ ಬಂತು. ಒಂದು ಕಣ್ಣು ಬಿಳಿ, ಒಂದು ಹಳದಿ. ಓಡಿಸುವವನ ಮುಖ ಕಾಣಲಿಲ್ಲ. ಕಿಟಕಿಯ ಮೇಲೆ ಊರಿದ ಮೊಣಕೈ, ಮಡಚಿದ ಬಿಳಿ ಅಂಗಿಯ ತೋಳು ಕಂಡಿತು. ನನ್ನ ಯಜಮಾನರು ಕೂರುತ್ತಿದ್ದದ್ದು ಹಾಗೆಯೇ. ನಾನು ಸೀಟಿನಿಂದ ಎದ್ದು ನಿಂತುಬಿಟ್ಟೆ. "ಅಕ್ಕಾರೆ, ಕೂಡ್ರಿ, ಬೀಳ್ತೀರಿ" ಎಂದ ಕಂಡಕ್ಟರ್.

ಮನೆಗೆ ಬಂದರೆ ಕಾರು ಅಲ್ಲೇ ಇತ್ತು. ಅದರ ಮುಂದೆ ನಿಂತಾಗ ಒಂದು ವಿಷಯ ಹೊಳೆಯಿತು. ನಮ್ಮ ಕಾರಿನಲ್ಲಿ ಹಳದಿ ದೀಪ ಎಡಗಡೆ ಇದೆ. ನಾನು ನೋಡಿದ ಕಾರಿನಲ್ಲಿ ಅದು ಓಡಿಸುವವನ ಕಡೆ, ಬಲಗಡೆ ಇತ್ತು. ಕನ್ನಡಿಯೊಳಗೆ ಎಡ ಬಲವಾಗುವಂತೆ ನಮ್ಮ ಕಾರೇ ಆಚೆ ಕಡೆಯಿಂದ ಬಂದಿತ್ತು.

ಅತ್ತೆಗೆ ಹೇಳಲಿಲ್ಲ. ಮಾರನೆಯ ಸಂಜೆ ಕಾರನ್ನು ಕಾಂಪೌಂಡು ಗೋಡೆಗೆ ಎದುರಾಗಿ ನಿಲ್ಲಿಸಿ ದೀಪ ಹಾಕಿ ಡಿಮ್ ಮಾಡಿದೆ. ಸೀಲ್ಡ್ ಬೀಮಿನ ಬೆಳಕು ಅಂಚಿಲ್ಲದೆ ಮಬ್ಬಾಗಿ ಹರಡಿತು. ಹಳದಿಯದು ಬೇರೆ: ಗೆರೆ ಎಳೆದಂತೆ ಮೇಲಂಚು ಕತ್ತರಿಸಿ, ಬಲಗಡೆ ಮಾತ್ರ ಓರೆಯಾಗಿ ಏರಿತ್ತು. ನಾವು ರಸ್ತೆಯ ಎಡಕ್ಕೆ ಹೋಗುವವರು. ನಮ್ಮ ದೀಪ ಏರಿದರೆ ಎಡಗಡೆಗೆ ಏರಬೇಕು. ಬಲಕ್ಕೆ ಏರುವ ಬೆಳಕೆಂದರೆ ಬಲಗಡೆ ಓಡಿಸುವ ದೇಶದ ಕಾರಿನದು. ಅಂಥ ದೀಪ ನಮ್ಮೂರ ಅಂಗಡಿಯಲ್ಲಿ ಸಿಗುವುದಿಲ್ಲ. ಹಾಗಾದರೆ ಇದು ಯಾವುದೋ ಒಂದೇ ಕಾರಿನಿಂದ ಬಿಚ್ಚಿದ್ದು. ಯಾವ ಕಾರಿಗಾದರೂ ಕಣ್ಣು ಎರಡು.

ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ನನ್ನನ್ನು ನೋಡಿ ಅವನು ಸ್ಟೂಲು ಒರೆಸಿ ಕೊಟ್ಟ.

"ಹೌದಕ್ಕಾ, ಜೋಡಿನೇ ಇದ್ವು. ಹೊರದೇಶದ ಸಾಹೇಬ್ರೊಬ್ರು ಬಿಟ್ಟು ಹೋದ ಗಾಡೀವು. ಒಂದು ಅಣ್ಣಾರು ತಗಂಡ್ರು. ಇನ್ನೊಂದು ಹರಿಹರದ ಕಟ್ಟಿಗಿ ಅಡ್ಡೆ ಸಾಹೇಬ್ರ ಕಾರಿಗೆ ಹಾಕೀನಿ. ಅದೂ ಕರೇ ಅಂಬಾಸಿಡರೇ. ಅವರದು ಬಲಗಡೆದು ಒಡೆದಿತ್ತು."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರ ಮುಖ ಸಣ್ಣದಾಯಿತು. "ನನ್ನ ಕಣ್ಣಾರೆ ನೋಡಬೇಕು" ಎಂದರು. ಮಗ ಹೋದ ಮೇಲೆ ಅವರು ಆ ಕಾರು ಹತ್ತಿದ್ದು ಅದೇ ಮೊದಲು.

ಕಟ್ಟಿಗೆ ಅಡ್ಡೆಯ ಗೇಟಿನೊಳಗೆ ನಮ್ಮ ಕಾರು ಹೊಕ್ಕಾಗ ಮರ ಅಳೆಯುತ್ತಿದ್ದ ಸಾಹೇಬರು ಹಾಗೇ ನಿಂತರು. ಒಳಗಿನಿಂದ ಬಂದ ಅವರ ಹೆಂಡತಿ ಬಿಳಿ ಸೀರೆಯಲ್ಲಿದ್ದ ನನ್ನನ್ನು ಕಂಡು ಬಾಗಿಲಿಗೆ ಒರಗಿದರು.

"ಯಾ ಅಲ್ಲಾ, ಇವರೇ ನೋಡ್ರಿ" ಎಂದರು.

ಆಮೇಲೆ ಅವರು ತಮ್ಮ ಕತೆ ಹೇಳಿದರು. ಹರಿಹರದ ಜನ ಅವರಿಗೆ ಹೇಳುತ್ತಿದ್ದರಂತೆ: ನಿಮ್ಮ ಗಾಡೀನ ಬಿಳೀ ಸೀರೆಯ ಹೆಂಗಸೊಬ್ಬಳು ಓಡಿಸುತ್ತಾಳೆ, ಪಕ್ಕದಲ್ಲಿ ಯಾರೂ ಇರುವುದಿಲ್ಲ. ಆಕೆ ಹೆದರಿ ದರ್ಗಾದಿಂದ ತಾಯಿತ ತಂದು ಕಾರಿನ ಕನ್ನಡಿಗೆ ಕಟ್ಟಿದ್ದರು. ನಾನು ಯಾರನ್ನು ದೆವ್ವವೆಂದುಕೊಂಡು ಹೆದರಿದ್ದೆನೋ ಅವರು ನನ್ನನ್ನು ದೆವ್ವವೆಂದುಕೊಂಡು ಹೆದರಿದ್ದರು.

ಚಹಾ ಬಂತು. ಎಲ್ಲರೂ ನಕ್ಕೆವು, ಅತ್ತೆಯೊಬ್ಬರನ್ನು ಬಿಟ್ಟು. ಅವರು ಎದ್ದು ಆ ಇನ್ನೊಂದು ಕಾರಿನ ಸುತ್ತ ನಡೆದರು. ಹಳದಿ ದೀಪದ ಗಾಜನ್ನು ಬೆರಳಿನಿಂದ ಸವರಿದರು. ಕಿಟಕಿಯಿಂದ ಇಣುಕಿ ಖಾಲಿ ಸೀಟನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸಾಹೇಬರ ಹತ್ತಿರ ಬಂದು ಕೈ ಮುಗಿದರು.

"ನೀವು ದಾವಣಗೆರಿಗೆ ಬರ್ತಿರ್ತೀರಲ್ಲ?"

"ಬರ್ತೀನವ್ವಾ, ವ್ಯಾಪಾರಕ್ಕ."

"ಬಂದಾಗ ಸಂಜಿ ಹೊತ್ತು ನಮ್ಮ ಮನಿ ಮುಂದ ಹಾದು ಹೋಗ್ರಿ. ನಿಲ್ಸೋದು ಬ್ಯಾಡ. ಮಾತಾಡ್ಸೋದೂ ಬ್ಯಾಡ."

ಅವರ ಹೆಂಡತಿ ತಲೆ ತಗ್ಗಿಸಿದರು. ಸಾಹೇಬರು "ಆತು" ಎಂದರು.

ಮಾತಿಗೆ ತಪ್ಪಲಿಲ್ಲ ಅವರು. ಕೆಲವು ಸಂಜೆ ಎಂಜಿನ್ನಿನ ಸದ್ದು ತಿರುವಿನಲ್ಲಿ ಕೇಳಿಸಿ, ಗೇಟಿನ ಎದುರು ನಿಧಾನವಾಗಿ, ಮುಂದೆ ಹೋಗುತ್ತಿತ್ತು. ನಾನು ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಕಟ್ಟೆಯಿಂದ ಎದ್ದು ಬಂದ ಅತ್ತೆ "ಹೋದ" ಎಂದಷ್ಟೇ ಹೇಳಿ ಕೈಕಾಲು ತೊಳೆಯುತ್ತಿದ್ದರು. ಕಾರು ಹೋಯಿತು ಎನ್ನುತ್ತಿರಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ದಿನ ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಸಾಹೇಬರು ಸಿಕ್ಕರು. ಅವರಾಗಿಯೇ ನನ್ನ ಹತ್ತಿರ ಬಂದರು.

"ಅವ್ವಗ ಹೆಂಗ ಹೇಳ್ಬೇಕೋ ಗೊತ್ತಾಗ್ಲಿಲ್ರಿ. ಚಳಿಗಾಲದಾಗೇ ಗಾಡಿ ಹುಬ್ಬಳ್ಳಿಯವರಿಗೆ ಕೊಟ್ಬಿಟ್ಟೆ. ನಾ ಆ ಕಡೆ ಬಂದು ಬಾಳ ದಿನ ಆತು. ಬೇಜಾರ್ ಮಾಡ್ಕಂಡಾರೇನು?"

"ಇಲ್ಲ" ಎಂದೆ. ಹಿಂದಿನ ವಾರವೂ ಅತ್ತೆ "ಹೋದ" ಎಂದಿದ್ದರು. ಒಲೆಯ ಮುಂದೆ ಕೂತ ನನಗೆ ಎಂಜಿನ್ನಿನ ಸದ್ದೂ ಕೇಳಿತ್ತು.

ಆ ಸಂಜೆ ನಾನು ಮನೆ ಸೇರುವಷ್ಟರಲ್ಲಿ ಅತ್ತೆ ಆಗಲೇ ಕಟ್ಟೆಯಿಂದ ಒಳಗೆ ಬಂದಿದ್ದರು. ಮುಖದಲ್ಲಿ ಗೆಲುವಿತ್ತು.

"ಇವತ್ತು ನಿಲ್ಸಿದ್ದ" ಎಂದರು.

"ಏನಂದ್ರು?"

"ಊಟ ಆತೇನವ್ವಾ ಅಂದ."

ನಾನು ಬ್ಯಾಗು ಗೂಟಕ್ಕೆ ಹಾಕಿ, ಒಲೆ ಹಚ್ಚಿ, ರೊಟ್ಟಿಗೆ ಹಿಟ್ಟು ನಾದಿದೆ. ಅತ್ತೆ ಎಂದಿಗಿಂತ ಒಂದು ರೊಟ್ಟಿ ಹೆಚ್ಚು ಹಾಕಿಸಿಕೊಂಡು ಉಂಡರು.