ದಪ್ಪ ಹೆಚ್ಚಿದ ಗಜ್ಜರಿ

ಬೆಳಕು ಹರಿಯುವ ಮುಂಚೆ ಮೊಹ್ಲರ ಎದ್ದು ಅಂಗಳ ಗುಡಿಸಬೇಕು, ಗೇಟಿನಾಚೆಯ ಬೀದಿಯನ್ನೂ ಗುಡಿಸಿ ನೀರು ಚಿಮುಕಿಸಬೇಕು, ಹಾಲು ಕರೆಯಬೇಕು, ರೊಟ್ಟಿಗೆ ಹಿಟ್ಟು ನಾದಿ ತಂದೂರಿಗೆ ಬೆಂಕಿ ಹಾಕಬೇಕು, ಗಂಡನಿಗೆ ಚಹಾ ಇಡಬೇಕು. ಮರ್ಗಿಲಾನ್ ಪಟ್ಟಣದಲ್ಲಿ ಸೊಸೆ ಮಾಡುವ ಇದನ್ನೆಲ್ಲ ಯಾರೂ ಕೆಲಸ ಎನ್ನುವುದಿಲ್ಲ. ಅತ್ತೆ ತೊಹ್ತಾಖಾನ್‌ಗೆ ಮರೆವು ಶುರುವಾದ ಮೇಲೆ ಇನ್ನೊಂದು ಸೇರಿತು.

"ಕರಿದದ್ದು ಕಡಿಮೆ ಮಾಡಿ. ಸೊಪ್ಪು, ಬೀಟ್‌ರೂಟು, ಎಲೆಕೋಸು ಹಬೇಲಿ ಬೇಯಿಸಿ ಕೊಡಿ. ಮಿದುಳಿಗೆ ಒಳ್ಳೇದಾಗಬಹುದು," ಎಂದಿದ್ದರು ಡಾಕ್ಟರು.

"ಇವತ್ತಿಂದ್ಲೇ ಮಾಡ್ತೀವಿ ಡಾಕ್ಟ್ರೇ," ಎಂದ ಗಂಡ ಆದಿಲ್. ಮಾಡುವವರು ಯಾರೆಂದು ಡಾಕ್ಟರಿಗೂ ಗೊತ್ತಿತ್ತು.

ಚಳಿಗಾಲವೆಲ್ಲ ಅತ್ತೆ ಬೀಟ್‌ರೂಟು ತಿಂದರು. ಹೊಟ್ಟೆ ಸರಿಹೋಯಿತು. ಸೊಸೆಯ ಹೆಸರು ಮರೆತುಹೋಯಿತು.

"ಯಾರ ಮನೆ ಹುಡುಗಿ ತಾಯಿ ನೀನು? ರೊಟ್ಟಿ ಎಷ್ಟು ಚೆನ್ನಾಗಿ ಮಾಡ್ತೀಯ!"

ಇಪ್ಪತ್ತು ವರ್ಷ ಕಾದರೂ ಬಾರದಿದ್ದ ಹೊಗಳಿಕೆ ಹೀಗೆ ಬಂತು. ಮೊಹ್ಲರಳಿಗೆ ಸಂಕಟವಾಯಿತು. ಆ ಇಪ್ಪತ್ತು ವರ್ಷದ ದುಡಿತವನ್ನು ಕಣ್ಣಿಟ್ಟು ನೋಡಿದವರು ಅತ್ತೆ ಒಬ್ಬರೇ. ಅವರೂ ಮರೆತರೆ ಅದು ನಡೆದೇ ಇಲ್ಲ.

ಒಂದು ಗುರುವಾರ, ಪಲಾವಿನ ದಿನ, ಹಬೆಪಾತ್ರೆ ನೋಡಿಕೊಳ್ಳುವ ಗಡಿಬಿಡಿಯಲ್ಲಿ ಹಳದಿ ಗಜ್ಜರಿಯನ್ನು ದಪ್ಪದಪ್ಪ ಹೆಚ್ಚಿದಳು. ಅತ್ತೆ ಬಂದು ಒಂದು ಚೂರು ಎತ್ತಿ ಹಿಡಿದರು.

"ಮೊಹ್ಲರಾ! ಇದೇನೇ, ಗಜ್ಜರೀನಾ, ಸೌದೇನಾ? ನಿಮ್ಮಮ್ಮ ಚಾಕು ಹಿಡಿಯೋದೂ ಕಲಿಸ್ಲಿಲ್ವಾ? ತಾ ಈಚೆ!"

ಕಡ್ಡಿಯಂತೆ ಸಣ್ಣಗೆ ಹೆಚ್ಚುತ್ತ, ಸೊಸೆ ಬಂದ ವರ್ಷ ಅಕ್ಕಿ ತಳ ಹಿಡಿಸಿದ್ದು, ತವರಿನವರು ಕೊಟ್ಟ ಕಂಬಳಿಗೆ ನುಸಿ ಹಿಡಿದದ್ದು, ಎಲ್ಲವನ್ನೂ ಎತ್ತಿ ಆಡಿದರು. ಗಜ್ಜರಿ ಮುಗಿಯಿತು, ನೆನಪೂ ಮುಗಿಯಿತು.

ಮುಂದಿನ ವಾರ ಮೊಹ್ಲರ ಸಣ್ಣಗೆ ಹೆಚ್ಚಿದಳು. "ಜಾಣೆ. ಯಾರ ಮನೆಯವಳು?" ಎಂದರು ಅತ್ತೆ. ಅದರ ಮುಂದಿನ ವಾರ ಬೇಕೆಂದೇ ದಪ್ಪ ಹೆಚ್ಚಿದಳು. ಹೆಸರು ಹಿಡಿದು ಬೈದರು.

ಗಂಡನಿಗೆ ಹೇಳಿದಳು.

"ನೋಡಿದ್ಯಾ, ಬೀಟ್‌ರೂಟು ಕೆಲಸ ಮಾಡ್ತಿದೆ," ಎಂದ ಆದಿಲ್. "ನಾಳೆ ಪಲಾವು ಮಾತ್ರ ನೆಟ್ಟಗಿರ್ಲಿ ಮಾರಾಯ್ತಿ. ಅಕ್ಕಂದಿರು ಬರ್ತಾರೆ, ನಗೋ ಹಾಗೆ ಮಾಡಬೇಡ."

ಬೆಳಗಿನ ಜಾವ ಬೀದಿ ಗುಡಿಸಿ ಬಂದು ಮೊಹ್ಲರ ಗಜ್ಜರಿ ಹೆಚ್ಚುವ ಹಲಗೆಯ ಮುಂದೆ ಕೂತಳು. ದಪ್ಪ ಹೆಚ್ಚಿದರೆ ಅತ್ತಿಗೆಯರು ಕೇರಿಗೆಲ್ಲ ಸಾರುತ್ತಾರೆ. ಸಣ್ಣಗೆ ಹೆಚ್ಚಿದರೆ ಎಲ್ಲರೂ ಹೊಗಳುತ್ತಾರೆ, ಅತ್ತೆಯೂ ಸೇರಿ.

ಮನೆಯಲ್ಲಿ ಇನ್ನೂ ಯಾರೂ ಎದ್ದಿರಲಿಲ್ಲ. ಅವಳು ಚಾಕುವನ್ನು ಗಜ್ಜರಿಯ ತುದಿಯಿಂದ ಹೆಬ್ಬೆರಳು ದಪ್ಪದಷ್ಟು ಹಿಂದಕ್ಕೆ ಸರಿಸಿ, ಒತ್ತಿದಳು.