ಸೊಲ್ಲಾಪುರ ಕೇಳಿಸುವ ಬೆಳಗು

ಗದಗಿಗೆ ಅಂಟಿಕೊಂಡ ಬೆಟಗೇರಿಯ ನೇಕಾರರ ಓಣಿಯಲ್ಲಿ ನಾನು ಬಾಡಿಗೆಗೆ ಹಿಡಿದ ಕೋಣೆ ಮಾಳಿಗೆಯ ಮೇಲಿತ್ತು. ಕೋಣೆಗಿಂತ ನನಗೆ ಬೇಕಾಗಿದ್ದದ್ದು ಅದರ ಮುಂದಿನ ತೆರೆದ ಮಾಳಿಗೆ. ಅಲ್ಲಿ ಕಂಬ ನಿಲ್ಲಿಸಿ ಆಂಟೆನಾ ಕಟ್ಟಿದೆ. ನೆಲಕ್ಕೆ ಹತ್ತಿರದ ಗಾಳಿಯಲ್ಲಿ ರೇಡಿಯೋ ಅಲೆಗಳು ಹೇಗೆ ಸಾಗುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು, ನಿಜಕ್ಕೂ ಬಂದ ಸಿಗ್ನಲ್ಲಿಗೆ ಅದನ್ನು ತಾಳೆ ನೋಡುವುದು ನನ್ನ ಕೆಲಸ. ಲಕ್ಷ್ಮೇಶ್ವರದಲ್ಲೂ ಮುಂಡರಗಿಯಲ್ಲೂ ಸಿಗ್ನಲ್ ಹಿಡಿಯುವ ಒಂದೊಂದು ಯಂತ್ರ ಇಟ್ಟಿದ್ದೆ. ಬಸ್ಸು ಹಿಡಿದು ಅವನ್ನು ನೋಡಿ ಬರುತ್ತಿದ್ದೆ. ಎಷ್ಟೋ ದಿನ ಕಂಡಕ್ಟರನ ಹತ್ತಿರ ಊರಿನ ಹೆಸರು ಹೇಳಿದ್ದೇ ನನ್ನ ಇಡೀ ದಿನದ ಮಾತಾಗಿರುತ್ತಿತ್ತು.

ಮನೆಯೊಡತಿ ಕೆಳಗೆ ಒಬ್ಬರೇ ಇದ್ದರು. ಅರವತ್ತರ ಆಸುಪಾಸು, ಗಂಡ ತೀರಿಕೊಂಡಿದ್ದರು. ಚಳಿಗಾಲದ ಒಂದು ಮುಂಜಾನೆ ರೇಡಿಯೋ ಹಿಡಿದು ಮೇಲೆ ಬಂದರು. ಮೇಡಂ ಎನ್ನುವ ಬದಲು ನನ್ನನ್ನು ಬಾಯಾರ ಎನ್ನುತ್ತಿದ್ದರು.

“ಬಾಯಾರ, ನಿಮ್ಮ ಕಂಬದಿಂದ ಏನರ ಆಗೈತೇನ್ರಿ? ನಿನ್ನಿ ಸೊಲ್ಲಾಪುರ ಚಲೋ ಕೇಳಸ್ತಿತ್ತು. ಇವತ್ತು ಬರೇ ಗರ್ರ್ ಅಂತೈತಿ.”

ಕಂಬದ ತಪ್ಪಲ್ಲ, ಗಾಳಿಯದು ಎಂದೆ. ಮೋಡವಿಲ್ಲದ, ಗಾಳಿ ಬೀಸದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ಕೆಳಗೆ ತಂಪು, ಅದರ ಮೇಲೆ ಬೆಚ್ಚನೆಯ ಗಾಳಿ. ಆಗ ಮುಗಿಲಿಗೆ ಹೋಗಬೇಕಾದ ಅಲೆ ಬಾಗಿ, ನೆಲ ಹಿಡಿದು ದೂರ ಬರುತ್ತದೆ. ಬಿಸಿಲೇರಿದರೆ ಮುಗಿಯಿತು.

“ಯಾವತ್ತು ಬರತೈತಿ ಅಂತ ಮೊದಲ ಹೇಳಾಕ ಬರತೈತೇನ್ರಿ?”

“ಅದನ್ನೇ ಕಲೀತಾ ಇದೀನಿ ಅಮ್ಮ.”

ಸೊಲ್ಲಾಪುರ ಅವರ ತವರು. ಅಲ್ಲಿನ ಸ್ಟೇಷನ್ನಿನಲ್ಲಿ ಬೆಳಗಿನ ಹೊತ್ತು ಮಾತಾಡುವವನು ಅವರ ತಮ್ಮ. ತಾಯಿ ಸತ್ತ ಮೇಲೆ ಮನೆಯ ಪಾಲಿನ ಜಗಳದಲ್ಲಿ ಅಕ್ಕ ತಮ್ಮನ ನಡುವೆ ಮಾತು ನಿಂತಿತ್ತು. ಮೊಬೈಲಿನಲ್ಲಿ ಆ ಸ್ಟೇಷನ್ ಹಾಕಿಕೊಡಲೇ ಎಂದು ಕೇಳಿದೆ.

“ಬ್ಯಾಡ್ರಿ. ನಾ ಹುಡುಕ್ಕೊಂಡು ಹೋಗಂಗಿಲ್ಲ. ತಾನಾಗೇ ಬಂದ್ರ ಕೇಳತೇನಿ.”

ಆ ವಾರವೇ, ನಾಳೆ ಕೇಳಿಸುತ್ತೆ ಎಂದು ಹೇಳಿಬಿಟ್ಟೆ. ಅವರು ನಸುಕಿನಲ್ಲೇ ಶಾಲು ಹೊದ್ದು ಮಾಳಿಗೆಗೆ ಬಂದು ಕುಳಿತರು. ರೇಡಿಯೋ ಗರ್ರ್ ಎಂದಿತು, ಅಷ್ಟೇ. ರಾತ್ರಿ ಮೋಡ ಕವಿದು ನೆಲ ತಣ್ಣಗಾಗಿರಲಿಲ್ಲ. “ಇರ್ಲಿ ಬಿಡ್ರಿ” ಎಂದು ಅವರು ಮೆಟ್ಟಿಲಿಳಿದಾಗ ನನಗಾದ ಸಂಕಟ ಯಾವ ತಪ್ಪಿದ ಲೆಕ್ಕಕ್ಕೂ ಆಗಿರಲಿಲ್ಲ. ದೂರದ ಊರಿನ ಹವಾಮಾನದ ಅಂಕಿಗಳನ್ನು ನಂಬುವುದು ಬಿಟ್ಟು, ಕಂಬದುದ್ದಕ್ಕೂ ಉಷ್ಣತೆ ಅಳೆಯುವ ಸಾಧನ ಕಟ್ಟಿದೆ. ಸುತ್ತಲಿನ ಎರೆಮಣ್ಣಿನ ತೇವವನ್ನೂ ಮೋಡವನ್ನೂ ಲೆಕ್ಕಕ್ಕೆ ಸೇರಿಸಿದೆ.

ಮುಂದಿನ ಸಲ ಹೇಳಿದ್ದು ನಿಜವಾಯಿತು. ಮರಾಠಿಯಲ್ಲಿ ಗಂಡುದನಿಯೊಂದು, ಪಕ್ಕದ ಮನೆಯಿಂದ ಬಂದಷ್ಟು ಸ್ಪಷ್ಟವಾಗಿ, ಪೇಟೆಯ ಧಾರಣೆ ಓದುತ್ತಿತ್ತು. ಅವರು ಕಣ್ಣುಮುಚ್ಚಿ ಕೇಳಿದರು. ಬಿಸಿಲು ಬಂತು, ದನಿ ಕರಗಿತು.

“ಕೆಮ್ಮಾಕತ್ತಾನ” ಎಂದರು.

ಕೆಮ್ಮು ಮುಂದೆಯೂ ಕೇಳಿಸಿತು. ಒಂದು ದಿನ ತಮ್ಮನ ಫೋನ್ ನಂಬರನ್ನು ನೆನಪಿನಿಂದಲೇ ಹೇಳಿದರು. “ಔಷಧ ತಗೊಂಡಾನೇನು ಕೇಳ್ರಿ. ನಾ ಕೇಳಂದೆ ಅಂತ ಹೇಳಬ್ಯಾಡ್ರಿ.”

ಫೋನು ಮಾಡಿದೆ. ಗದಗಿನಿಂದ ಮಾತಾಡುತ್ತಿದ್ದೇನೆ, ನಿಮ್ಮ ಕಾರ್ಯಕ್ರಮ ಕೇಳಿದೆ, ಕೆಮ್ಮು ಹೇಗಿದೆ ಎಂದೆ.

“ಗದಗಿಗೆ ನಮ್ಮ ಸ್ಟೇಷನ್ ಮುಟ್ಟಂಗಿಲ್ಲಲ್ರಿ” ಎಂದಿತು ಆ ದನಿ. ಆಮೇಲೆ, “ಬೆಟಗೇರಿಯೊಳಗೂ ಕೇಳಸತೈತೇನ್ರಿ?”

“ಕೆಲವು ದಿನ. ಚಳಿ ಇದ್ದು ಮುಗಿಲು ತಿಳಿಯಾಗಿದ್ದರೆ.”

“ಕೆಮ್ಮು ಕಡಿಮಿ ಆಗೇತಂತ ಹೇಳ್ರಿ” ಎಂದರು. ಯಾರಿಗೆ ಎಂದು ಹೇಳಲಿಲ್ಲ.

ಅಕ್ಕ ಗೋಡೆಗೆ ಮುಖಮಾಡಿ ನಿಂತಿದ್ದರು. ಫೋನು ಮುಂದೆ ಚಾಚಿದೆ. ತಲೆಯಾಡಿಸಿದರು, ಬೇಡವೆಂದು.

ಬೇಸಿಗೆ ಬಂತು. ಗಾಳಿ ಎದ್ದು ಸೊಲ್ಲಾಪುರ ಕೇಳಿಸುವುದು ನಿಂತಿತು. ನನ್ನ ಕೆಲಸವೂ ಮುಗಿದಿತ್ತು. ನಾನು ಹೊರಡುವವರೆಗೆ ಅಕ್ಕ ತಮ್ಮ ಮಾತಾಡಿರಲಿಲ್ಲ. ಚೀಲ ಎತ್ತಿಕೊಂಡಾಗ ಮನೆಯೊಡತಿ ಕೇಳಿದರು, “ನಿಮ್ಮ ಮನ್ಯಾಗ ಯಾರದಾರ್ರಿ?”

ಅಷ್ಟು ತಿಂಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. “ಯಾರೂ ಇಲ್ಲಮ್ಮ” ಎಂದೆ.

“ಹಂಗಾದ್ರ ಮುಟ್ಟಿದ ಮ್ಯಾಲೆ ನನಗ ಫೋನ್ ಹಚ್ಚ್ರಿ.”

ಮೈಸೂರಿನ ನನ್ನ ಮನೆ ತಲುಪಿ ಬೀಗ ತೆಗೆದ ಕೂಡಲೇ ಹಚ್ಚಿದೆ. ಊಟ ಆತೇನು ಎಂದು ಕೇಳಿದರು. ಆಯಿತು ಎಂದು ಸುಳ್ಳು ಹೇಳಿ, ಆಮೇಲೆ ಅನ್ನಕ್ಕಿಟ್ಟೆ.