ಹೆಸರು ಕೆತ್ತಿದ ಡಬ್ಬಿ

ಹಾಲಿನ ಕ್ಯಾನಿನ ಮೇಲೆ ಇನ್ನೂ ಒಂದು ವಾರ ಕೆಡುವುದಿಲ್ಲ ಎಂದು ಬರೆದಿದ್ದರೂ ನಾನು ಮೂಸಿ ನೋಡದೆ ಕಾಫಿಗೆ ಹಾಕುವುದಿಲ್ಲ. ಬೀಗ ಹಾಕಿದೆನೋ ಇಲ್ಲವೋ ಎಂದು ಬೀದಿಯ ತಿರುವಿನಿಂದ ಎಷ್ಟು ಸಲ ಕಾರು ವಾಪಸ್ ತಿರುಗಿಸಿದ್ದೇನೋ. ಈ ಗುಣ ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಬಂದದ್ದು. ನಾನು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಯಾರಾದರೂ ಎಲ್ಲ ಸರಿಯಾಗಿದೆ ಎಂದರೆ ಮೊದಲು ನನ್ನ ಹುಬ್ಬು ಏರುತ್ತದೆ.

ಹ್ಯೂಸ್ಟನ್ನಿನ ಸೈಪ್ರೆಸ್ ಬಡಾವಣೆಯಲ್ಲಿ ನಮ್ಮ ಮನೆಯಿಂದ ನಾಲ್ಕನೆಯ ಮನೆಯಲ್ಲಿ ಘಾನಾ ದೇಶದ ಒಬ್ಬ ನಿವೃತ್ತ ನರ್ಸ್ ಇದ್ದಾರೆ. ಅವರ ಗ್ಯಾರೇಜಿನಲ್ಲಿ ಕಾರು ನಿಂತದ್ದನ್ನು ನಾನು ನೋಡಿಯೇ ಇಲ್ಲ. ಅಲ್ಲಿರುವುದು ಎದೆಯೆತ್ತರದ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು. ಅವುಗಳಲ್ಲಿ ಬಟ್ಟೆ, ಸೋಪು, ಮಕ್ಕಳ ಬೂಟು, ಪಾತ್ರೆ ತುಂಬಿಸಿ ಹಡಗಿನಲ್ಲಿ ಆಫ್ರಿಕಾದ ಬಡ ಕುಟುಂಬಗಳಿಗೆ ಕಳಿಸುತ್ತಾರೆ. ಆಫ್ರಿಕಾದಿಂದ ಹೊಸದಾಗಿ ಬಂದು ಹ್ಯೂಸ್ಟನ್, ಡಾಲಸ್, ಆಸ್ಟಿನ್‌ಗಳಲ್ಲಿ ಬರಿಗೈಯಲ್ಲಿ ಬದುಕು ಶುರುಮಾಡುವ ಕುಟುಂಬಗಳಿಗೂ ಮನೆ ಸಾಮಾನು ಹೊಂದಿಸಿಕೊಡುತ್ತಾರೆ. ಅವರ ಜೊತೆ ಆರೇಳು ಜನ, ಎಲ್ಲರೂ ಅವರ ಚರ್ಚಿನವರು. ಕಳೆದ ವರ್ಷ ನಮ್ಮ ಕನ್ನಡ ಹೆಂಗಸರ ವಾಟ್ಸ್ಯಾಪ್ ಗುಂಪಿನಲ್ಲಿ, ಹಬ್ಬಕ್ಕೆ ಒಂದು ಒಳ್ಳೆಯ ಕೆಲಸ ಮಾಡೋಣ ಎಂಬ ಮಾತು ಬಂತು. ಹೊಸ ಕುಟುಂಬಗಳ ಅಡುಗೆಮನೆಗೆ ಬೇಕಾದ ಪಾತ್ರೆಪಡಗ ನಮ್ಮದು ಎಂದು ಒಪ್ಪಿಕೊಂಡೆವು. ನರ್ಸ್ ನನ್ನ ಬೀದಿಯವರಾದ್ದರಿಂದ ಒಟ್ಟುಮಾಡಿ ತಲುಪಿಸುವ ಕೆಲಸ ನನ್ನ ತಲೆಗೆ ಬಂತು.

ನಾನು ತಲುಪಿಸಿದೆ. ಜೊತೆಗೇ ನೋಡುತ್ತಲೂ ಇದ್ದೆ.

ಮೊದಲನೆಯದಾಗಿ, ಅವರು ಫೋಟೊ ತೆಗೆಯಲು ಬಿಡುವುದಿಲ್ಲ. ನಮ್ಮವರು ಒಂದು ಡಜನ್ ಬಾಳೆಹಣ್ಣು ಹಂಚಿದರೂ ಹಿಂದೆ ಬ್ಯಾನರ್ ಕಟ್ಟಿಸುವವರು. ಪಾತ್ರೆ ತೆಗೆದುಕೊಂಡವರ ಜೊತೆ ಒಂದು ಗ್ರೂಪ್ ಫೋಟೊ ಬೇಕು ಎಂದು ನಮ್ಮ ಗುಂಪು ಕೇಳಿದ್ದನ್ನು ನಾನು ಅವರಿಗೆ ಹೇಳಿದೆ. ನರ್ಸ್ ತಮ್ಮ ನಿಧಾನದ ಇಂಗ್ಲಿಷಿನಲ್ಲಿ, "ಸೌಟು ತೆಗೆದುಕೊಳ್ಳುವಾಗ ಯಾರಾದರೂ ನಿನ್ನ ಫೋಟೊ ತೆಗೆದರೆ ನಿನಗೆ ಹೇಗನಿಸುತ್ತೆ?" ಎಂದರು. ಉತ್ತರ ಚೆನ್ನಾಗಿತ್ತು. ತೀರಾ ಚೆನ್ನಾಗಿರುವ ಉತ್ತರ ಸಿಕ್ಕಿದರೆ ಟೆಸ್ಟರ್ ಆದವಳು ಇನ್ನೊಂದು ಸಲ ಪರೀಕ್ಷಿಸಬೇಕು.

ಎರಡನೆಯದಾಗಿ, ನಾವು ಕೊಟ್ಟದ್ದರಲ್ಲಿ ಅವರು ಆರಿಸುತ್ತಿದ್ದರು. ಕೋಟಿಂಗ್ ಎದ್ದ ದೋಸೆ ತವ, ಹಿಡಿ ಅಲ್ಲಾಡುವ ಬಾಣಲೆ, ಮುಚ್ಚಳ ಕಳೆದ ಕುಕ್ಕರ್ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ನನ್ನ ಬಾಗಿಲಿಗೇ ತಂದಿಟ್ಟರು. "ನೀನು ಇದರಲ್ಲಿ ಅಡುಗೆ ಮಾಡುತ್ತೀಯಾ?" ಎಂದು ಕೇಳಿ, ನಕ್ಕು, ಹೋದರು. ನನಗೆ ಉರಿಯಿತು. ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡುವುದೆಂದರೆ ಇದೇ. ಒಳ್ಳೆಯದನ್ನಷ್ಟೇ ಇಟ್ಟುಕೊಳ್ಳುತ್ತಾರಲ್ಲ, ಒಳ್ಳೆಯದಕ್ಕಷ್ಟೇ ಗಿರಾಕಿ ಸಿಗುವುದಲ್ಲವೇ?

ಮೂರನೆಯದಾಗಿ ಆ ಡ್ರಮ್ಮುಗಳು. ತುಂಬಿದ ಮೇಲೆ ಬಾಯಿಗೆ ಕಬ್ಬಿಣದ ಪಟ್ಟಿ ಹಾಕಿ ಬೀಗ ಜಡಿಯುತ್ತಿದ್ದರು. ತುಂಬಿಸುವ ಕೆಲಸಕ್ಕೆ ನಾನೂ ಬರಲೇ ಎಂದರೆ, ಬೇಡ, ಅದಕ್ಕೊಂದು ಕ್ರಮ ಇದೆ, ನಾವೇ ಮಾಡಿಕೊಳ್ಳುತ್ತೇವೆ ಎಂದರು.

"ಬೆಳ್ಳಗಿರೋದೆಲ್ಲ ಹಾಲಲ್ಲ" ಎಂದೆ ನನ್ನ ಗಂಡನಿಗೆ.

"ನಿಂಗೆ ಹಾಲೇ ಹಾಲಲ್ಲ, ಬಿಡು" ಎಂದು ಅವರು ಪೇಪರಿನಿಂದ ತಲೆಯೆತ್ತದೆ ಹೇಳಿದರು.

ಆಗ ನಾನೊಂದು ಉಪಾಯ ಮಾಡಿದೆ. ಟೆಸ್ಟಿಂಗ್‌ನಲ್ಲಿ ನಾವು ಗುರುತಿರುವ ಒಂದು ಸುಳ್ಳು ದಾಖಲೆಯನ್ನು ಒಂದು ಕಡೆಯಿಂದ ಒಳಗೆ ಬಿಟ್ಟು, ಅದು ಎಲ್ಲಿ ಹೊರಗೆ ಬರುತ್ತದೆ ಎಂದು ಕಾಯುತ್ತೇವೆ. ನನ್ನ ಬಳಿ ಗುರುತಿರುವ ಪಾತ್ರೆಗೇನು ಬರ! ನಮ್ಮ ಮೈಸೂರಿನ ಮನೆಯಲ್ಲಿ ಹೆಸರು ಕೆತ್ತಿಸದ ಒಂದು ಲೋಟವೂ ಇರಲಿಲ್ಲ. ಸ್ಟೀಲ್ ಪಾತ್ರೆ ಕೊಂಡರೆ ಅಂಗಡಿಯವನು ಗುರ್‌ಗುಟ್ಟುವ ಸೂಜಿಯಂಥ ಮಿಷನ್ನಿನಲ್ಲಿ ಅಲ್ಲೇ ಹೆಸರು ಕೊರೆದುಕೊಡುತ್ತಿದ್ದ. ಹಾಗೆ ಅಮ್ಮನ ಹೆಸರು ಕೆತ್ತಿದ, ಬಿಗಿ ಮುಚ್ಚಳದ ಒಂದು ಡಬ್ಬಿ ನನ್ನ ಜೊತೆ ಇಲ್ಲಿಯವರೆಗೆ ಬಂದಿತ್ತು. ಅದರಲ್ಲಿ ಅಮ್ಮ ಚಟ್ನಿಪುಡಿ ಇಡುತ್ತಿದ್ದರು. ಸಾವಿರ ಡಬ್ಬಿಗಳ ನಡುವೆ ಇಟ್ಟರೂ ಅದನ್ನು ಗುರುತು ಹಿಡಿಯಬಲ್ಲೆ. ಅದನ್ನೇ ಒರೆಸಿ, ಹೊಸ ಕುಕ್ಕರ್, ನಾಲ್ಕು ತಟ್ಟೆಗಳ ಜೊತೆಗೆ ನರ್ಸ್‌ಗೆ ಕೊಟ್ಟೆ.

ಅವರು ಕೆತ್ತನೆಯ ಮೇಲೆ ಬೆರಳಾಡಿಸಿ, "ಎಷ್ಟು ಚೆಂದ ಇದೆ. ಖಂಡಿತ ಕೊಡುತ್ತೀಯಾ?" ಎಂದು ಕೇಳಿದರು.

"ಖಂಡಿತ" ಎಂದೆ.

ಎರಡು ತಿಂಗಳಾಗಿರಬೇಕು. ಒಂದು ಶನಿವಾರ ಹಿಲ್‌ಕ್ರಾಫ್ಟ್‌ಗೆ ಹೋಗಿದ್ದೆ, ನಮ್ಮ ಸೀರೆ ಅಂಗಡಿ, ದಿನಸಿ ಅಂಗಡಿಗಳ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್‌ಗೆ. ನಾನು ಯಾವಾಗಲೂ ಕರಿಬೇವು ಕೊಳ್ಳುವ ಅಂಗಡಿಯಲ್ಲಿ ದಿನಸಿಯ ಜೊತೆ ಪಾತ್ರೆಯನ್ನೂ ಮಾರುತ್ತಾರೆ. ಸಾಲಿನಲ್ಲಿ ನಿಂತು ಸುಮ್ಮನೆ ಕಣ್ಣಾಡಿಸಿದೆ. ಗಲ್ಲಾದ ಹಿಂದಿನ ಕಪಾಟಿನಲ್ಲಿ, ಊದುಬತ್ತಿ ಕಟ್ಟುಗಳ ಪಕ್ಕ, ಅಮ್ಮನ ಡಬ್ಬಿ! ಹೆಸರು ನನ್ನ ಕಡೆಗೇ ತಿರುಗಿತ್ತು. ಮುಚ್ಚಳದ ಮೇಲೆ ಒಂದು ಹಳದಿ ಚೀಟಿ ಅಂಟಿಸಿದ್ದರು. ಬೆಲೆ, ಮತ್ತಿನ್ನೇನು?

ಅಂಗಡಿಯವರನ್ನು ಕೇಳಬಹುದಿತ್ತು. ಕೇಳಲಿಲ್ಲ. ತಪ್ಪು ಸಿಕ್ಕಿದಾಗ ಮೊದಲು ಸಾಕ್ಷಿ ಇಟ್ಟುಕೊಳ್ಳಬೇಕು, ಮಾತು ಆಮೇಲೆ. ಫೋನ್ ನೋಡುವವಳಂತೆ ನಟಿಸಿ ಒಂದು ಫೋಟೊ ತೆಗೆದೆ. ಸಾಲು ಬಿಟ್ಟು ಹೊರಗೆ ಬಂದು, ಕಾರಿನಲ್ಲಿ ಕೂತು ಎ.ಸಿ. ಹಾಕಿಕೊಂಡು ಗುಂಪಿಗೆ ಬರೆದೆ: "ನಾನು ದಾನ ಕೊಟ್ಟ ಡಬ್ಬಿ ಅಂಗಡಿಯಲ್ಲಿ ಮಾರಾಟಕ್ಕಿದೆ. ಯೋಚನೆ ಮಾಡಿ ಕೊಡಿ." ನಿಜ ಹೇಳಬೇಕೆಂದರೆ, ಆ ಹೊತ್ತು ನನಗೆ ದುಃಖಕ್ಕಿಂತ ಗೆದ್ದ ಖುಷಿಯೇ ಹೆಚ್ಚಾಗಿತ್ತು. ನೋಡಿ, ನಾನು ಹೇಳಿರಲಿಲ್ಲವೇ?

ಮನೆ ತಲುಪುವಷ್ಟರಲ್ಲಿ ಸುದ್ದಿ ಪಕ್ಕದ ಊರು ಸ್ಟಾಫರ್ಡ್ ದಾಟಿ ಡಾಲಸ್ ಸೇರಿತ್ತು. ಅಲ್ಲಿನ ಕನ್ನಡ ಹೆಂಗಸರ ಗುಂಪನ್ನು ನಡೆಸುವ ಧಾರವಾಡದ ಗೆಳತಿ ಫೋನ್ ಮಾಡಿದಳು.

"ಖರೇ ಏನ್ರಿ ಇದು? ಬರೋ ಶನಿವಾರ ಇಲ್ಲಿ ಒಂದ್ ಫ್ಯಾಮಿಲಿ ಶಿಫ್ಟ್ ಆಗೂದೈತಿ. ಅವರ ಅಡಗಿಮನಿ ಸಾಮಾನೆಲ್ಲಾ ನಾವೇ ಕೊಡ್ತೀವಂತ ಹೇಳೀವಿ. ಏನ್ ಮಾಡೂಣ್ರಿ?"

"ಫೋಟೊ ನೋಡಿದ್ರಲ್ಲ. ನಿಮಗೆ ಬಿಟ್ಟಿದ್ದು" ಎಂದೆ.

"ಮತ್ತ ನಾವು ಕೊಡಂಗಿಲ್ಲ ಬಿಡ್ರಿ. ಯಾರಿಗೆ ಬೇಕ್ರಿ ಉಸಾಬರಿ?"

ಆಸ್ಟಿನ್‌ನಲ್ಲಿ ಓದುವ ನನ್ನ ಮಗಳು ಮಾತ್ರ ಸಂಜೆ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದಳು. "ಅಮ್ಮಾ, ಡಿಡ್ ಯು ಆಸ್ಕ್ ಹರ್?"

"ಕೇಳೋದೇನಿದೆ? ಕಣ್ಣಾರೆ ನೋಡಿದೀನಿ."

ನನ್ನ ಗಂಡ ಅತ್ತಲಿಂದ, "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ" ಎಂದು ಗೊಣಗಿದರು. ನಾನು ಕೇಳಿಸದವಳಂತೆ ಕುಕ್ಕರ್ ಇಟ್ಟೆ.

ಗುರುವಾರ ಸಂಜೆ ನರ್ಸ್ ನಮ್ಮ ಬಾಗಿಲಿಗೆ ಬಂದರು. ಡಾಲಸ್‌ನ ನಿಮ್ಮ ಸ್ನೇಹಿತೆಯರು ಇದ್ದಕ್ಕಿದ್ದಂತೆ ಬೇಡವೆಂದಿದ್ದಾರೆ, ಕಾರಣ ಹೇಳುತ್ತಿಲ್ಲ ಎಂದರು. ಶನಿವಾರ ಒಬ್ಬ ತಾಯಿ, ಅವಳ ಮೂರು ಮಕ್ಕಳು ಮೋಟೆಲಿನಿಂದ ಅಪಾರ್ಟ್‌ಮೆಂಟಿಗೆ ಬರುತ್ತಿದ್ದಾರೆ, ಹಾಸಿಗೆ ಸಿಕ್ಕಿದೆ, ಒಲೆ ಇದೆ, ಒಲೆಯ ಮೇಲಿಡಲು ಒಂದು ಪಾತ್ರೆಯೂ ಇಲ್ಲ. ತಮ್ಮ ಹತ್ತಿರ ಇದ್ದುದೆಲ್ಲ ಡ್ರಮ್ಮುಗಳಲ್ಲಿ ಹಡಗು ಹತ್ತಿ ಹೋಗಿದೆ. "ನಿನ್ನ ಹತ್ತಿರ ಎರಡು ಪಾತ್ರೆ ಇದ್ದರೂ ಸಾಕು" ಎಂದರು.

ಅವರ ಬೆನ್ನಿಗೆ ಬಿಸಿಲು, ನನ್ನ ಬೆನ್ನಿಗೆ ಅಡುಗೆಮನೆ. ಮೇಲಿನ ಕಪಾಟಿನಲ್ಲಿ ಕವರ್ ಬಿಚ್ಚದ ಮೂರು ಸೆಟ್ ಪಾತ್ರೆಗಳಿದ್ದವು. ಅವರ ಮುಖದಲ್ಲಿ ಕಳ್ಳತನ ಹುಡುಕಿದೆ. ಆಯಾಸ ಮಾತ್ರ ಕಂಡಿತು. ಪಳಗಿದ ಕಳ್ಳರು ಹೀಗೇ ಇರುತ್ತಾರೆ ಎಂದುಕೊಂಡೆ.

"ಇಲ್ಲ, ನಮ್ಮ ಮನೇಲಿ ಏನೂ ಉಳಿದಿಲ್ಲ" ಎಂದೆ.

ಅವರು ನನ್ನನ್ನು ಒಂದು ಕ್ಷಣ ನೋಡಿ, ಥ್ಯಾಂಕ್ಸ್ ಹೇಳಿ ಹೋದರು.

ಮುಂದಿನ ವಾರ ಮತ್ತೆ ಹಿಲ್‌ಕ್ರಾಫ್ಟ್‌ಗೆ ಹೋದೆ. ಡಬ್ಬಿ ಮಾರಾಟವಾಗಿದೆಯೋ ನೋಡಿ ಬರೋಣ ಎಂದೇ ಹೋದೆ. ಅಲ್ಲೇ ಇತ್ತು. ಈ ಸಲ ಅಂಗಡಿಯ ಗುಜರಾತಿ ಅಂಕಲ್ ನಾನು ಅತ್ತ ನೋಡುವುದನ್ನು ನೋಡಿಬಿಟ್ಟರು. ಡಬ್ಬಿಯನ್ನು ಇಳಿಸಿ ನನ್ನ ಮುಂದಿಟ್ಟು ಹಿಂದಿಯಲ್ಲಿ ಕೇಳಿದರು, "ಬೆಹೆನ್‌ಜೀ, ಇದು ತೆಲುಗೋ ಕನ್ನಡವೋ? ಯಾರ ಹೆಸರು ಅಂತ ಓದ್ತೀರಾ? ಬಂದೋರನ್ನೆಲ್ಲ ಕೇಳ್ತಾ ಇದೀನಿ."

ಹಳದಿ ಚೀಟಿಯಲ್ಲಿ ಬೆಲೆ ಇರಲಿಲ್ಲ. ಇಂಗ್ಲಿಷಿನಲ್ಲಿ "ಇದು ಯಾರದ್ದು?" ಎಂದು ಬರೆದು, ಕೆಳಗೆ ಒಂದು ಫೋನ್ ನಂಬರ್ ಇತ್ತು.

ಹಿಂದಿನ ಬೀದಿಯ ಅಪಾರ್ಟ್‌ಮೆಂಟಿನಲ್ಲಿ ಕಾಂಗೋ ದೇಶದ ಒಬ್ಬ ಹೆಂಗಸಿದ್ದಾಳೆ, ಅವಳು ತಂದುಕೊಟ್ಟದ್ದು ಎಂದರು ಅಂಕಲ್. ಅವರ ಕಡೆ ಮದುವೆ, ಸಾವು ಎಂದರೆ ಹೆಂಗಸರು ತಮ್ಮ ತಮ್ಮ ಪಾತ್ರೆ ಎರವಲು ಕೊಡುತ್ತಾರಂತೆ. ಕೊಡುವ ಮೊದಲು ತಳಕ್ಕೆ ಬಣ್ಣದ ಗುರುತು ಹಾಕುತ್ತಾರಂತೆ. ಗುರುತಿರುವ ಪಾತ್ರೆ ಕೆಲಸ ಮುಗಿದ ಮೇಲೆ ಯಜಮಾನಿಯ ಮನೆ ಸೇರಲೇಬೇಕು. ದಾನವಾಗಿ ಬಂದ ಸಾಮಾನಿನಲ್ಲಿ ಇದೊಂದು ತಪ್ಪಿ ಬಂದುಬಿಟ್ಟಿದೆ, ಯಾರೋ ಹುಡುಕುತ್ತಿರುತ್ತಾರೆ ಎಂದು ಅವಳ ಎಣಿಕೆ. ನರ್ಸ್‌ಗೇ ವಾಪಸ್ ಕೊಟ್ಟರೆ ದಾನ ಬೇಡ ಎಂದಂತಾಗುತ್ತದೆ ಎಂಬ ಸಂಕೋಚ. ಈ ಅಂಗಡಿಯ ಮಸಾಲೆ ಪ್ಯಾಕೆಟ್ಟಿನ ಮೇಲೆ ಇಂಥದೇ ದುಂಡು ಅಕ್ಷರ ನೋಡಿ ಇಲ್ಲಿಗೆ ತಂದಿದ್ದಳು.

"ತೆಗೆದು ನೋಡಿ" ಎಂದರು ಅಂಕಲ್. "ಖಾಲಿ ಕೊಡಬಾರದಂತೆ."

ಮುಚ್ಚಳ ತೆಗೆದೆ. ಒಳಗೆ ಕಂಠಮಟ್ಟ ಹುರಿದ ಕಡಲೆಕಾಯಿ ಬೀಜ, ಮೇಲೆ ಉಪ್ಪು.

ನಮ್ಮ ಮನೆಗಳಲ್ಲೂ ಹೆಸರು ಕೆತ್ತಿಸುತ್ತಿದ್ದದ್ದು ಏತಕ್ಕೆ? ಮದುವೆಮನೆಗೆ, ನಾಮಕರಣಕ್ಕೆ ಹೋದ ಪಾತ್ರೆ ತಪ್ಪದೆ ಮನೆಗೆ ಬರಲಿ ಎಂದು. ಪಕ್ಕದ ಮನೆಯವರ ಬಟ್ಟಲನ್ನು ಅಮ್ಮ ಒಂದು ದಿನವಾದರೂ ಖಾಲಿ ಕಳಿಸಿದ್ದುಂಟೆ? ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಿದ್ದರು. ಇದೆಲ್ಲ ನನಗೆ ಗೊತ್ತಿದ್ದದ್ದೇ. ಗೊತ್ತಿದ್ದೂ ನಾನು ಅದೇ ಡಬ್ಬಿಯನ್ನು ಇಲಿಬೋನಿಗೆ ಸಿಕ್ಕಿಸುವ ಕೊಬ್ಬರಿ ಮಾಡಿದ್ದೆ. ಅಂಗಡಿಯಲ್ಲಿ ನಿಂತಲ್ಲೇ ಅಳು ಬಂತು, ನಾಚಿಕೆಯ ಅಳು.

ಡಬ್ಬಿ ನಮ್ಮದೇ ಎಂದು ಅಂಕಲ್‌ಗೆ ಹೇಳಿ ಮನೆಗೆ ತಂದೆ. ಆವತ್ತೇ ಗುಂಪಿಗೆ ತಪ್ಪಾಯಿತೆಂದು ಬರೆದೆ. ಮೂರು ಜನ ಕೈಮುಗಿಯುವ ಚಿತ್ರ ಹಾಕಿದರು, ಮಿಕ್ಕವರು ಓದಿ ಸುಮ್ಮನಾದರು. ಧಾರವಾಡದ ಗೆಳತಿ ಫೋನಿನಲ್ಲಿ, "ನೀವು ಹೇಳೂದು ಖರೇ ಇರಬಹುದ್ರಿ. ಆದ್ರ ನಮ್ಮ ಮಂದಿಗೆ ಒಮ್ಮೆ ಡೌಟ್ ಬಂತಂದ್ರ ಹೋಗಂಗಿಲ್ಲ. ಇನ್ನೊಂದ್ ಸಲ ಕೇಳಾಕ ನನಗೂ ಬಾಯಿ ಬರಂಗಿಲ್ಲ" ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆಮೇಲೆ ಕವರ್ ಬಿಚ್ಚದ ಮೂರು ಸೆಟ್ಟನ್ನೂ ಹೊತ್ತು ನರ್ಸ್ ಗ್ಯಾರೇಜಿಗೆ ಹೋದೆ. ಡಬ್ಬಿಯ ಉಪಾಯ, ಫೋಟೊ, ಗುರುವಾರದ ಸುಳ್ಳು, ಒಂದನ್ನೂ ಬಿಡದೆ ಹೇಳಿದೆ. ಅವರು ಡ್ರಮ್ಮಿನ ಮೇಲೆ ಕೈಯಿಟ್ಟು ಕೇಳಿಸಿಕೊಂಡರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಡಾಲಸ್‌ನ ತಾಯಿ ನಾಲ್ಕು ದಿನ ಮಕ್ಕಳಿಗೆ ಬ್ರೆಡ್ ತಿನ್ನಿಸಿದಳು" ಎಂದರು. "ಹೊಸ ಮನೆಯಲ್ಲಿ ಒಲೆ ಹಚ್ಚುವುದಕ್ಕೆ ಅಷ್ಟು ದಿನ ಕಾದಳು." ಪಾತ್ರೆಗಳನ್ನು ಒಂದೊಂದಾಗಿ ಎತ್ತಿ ಹಿಡಿಕೆ ಅಲ್ಲಾಡಿಸಿ ನೋಡಿ, ಒಂದು ಕಡೆ ಇಟ್ಟರು.

ಕಾಂಗೋದ ಹೆಂಗಸನ್ನು ನೋಡಬೇಕು ಎಂದೆ. ಅವಳನ್ನು ಕೇಳಿ, ಅವಳು ಒಪ್ಪಿದ ಮೇಲೆಯೇ ನರ್ಸ್ ನನ್ನನ್ನು ಕರೆದೊಯ್ದರು. ಡಬ್ಬಿಯನ್ನು ತೊಳೆದು, ಚಕ್ಕುಲಿ ತುಂಬಿಕೊಂಡು ಹೋಗಿದ್ದೆ. ಅವಳ ಅಡುಗೆಮನೆಯಲ್ಲಿ ನನ್ನ ಕುಕ್ಕರ್ ಒಲೆಯ ಮೇಲಿತ್ತು, ನನ್ನ ತಟ್ಟೆಗಳು ಒರಗಿಸಿಟ್ಟಿದ್ದವು. ಡಬ್ಬಿ ಇನ್ನು ನಿಮ್ಮದೇ, ಯಾರೂ ಹುಡುಕುತ್ತಿಲ್ಲ ಎಂದು ಅವಳ ಕೈಗಿಟ್ಟೆ. ಆಕೆ ಅಕ್ಷರಗಳ ಮೇಲೆ ಬೆರಳಿಟ್ಟು, ಒಂದೊಂದೇ ಇಂಗ್ಲಿಷ್ ಪದ ಹುಡುಕಿ ಜೋಡಿಸಿ ಕೇಳಿದಳು, "ಇದು ಯಾರ ಹೆಸರು?"

"ನನ್ನ ಅಮ್ಮನದು."

"ಅಮ್ಮ ಇದ್ದಾರಾ?"

"ಇಲ್ಲ."

ಆಕೆಯ ಹುಬ್ಬು ಗಂಟಾಯಿತು. "ಹಾಗಾದರೆ ಯಾಕೆ ಕೊಟ್ಟೆ?"

ನಿಮ್ಮವರನ್ನು ಕಳ್ಳರೆಂದು ಹಿಡಿಯುವುದಕ್ಕೆ ಎಂದು ಹೇಗೆ ಹೇಳಲಿ? ನರ್ಸ್ ಇದ್ದಾರೆ, ಅವರಿಗೆ ಎಲ್ಲ ಗೊತ್ತು. ಈಗ ಹೇಳಿಬಿಡುತ್ತಾರೆ, ಹೇಳಲೇಬೇಕು, ನಾನಾಗಿದ್ದರೆ ಬಿಡುತ್ತಿರಲಿಲ್ಲ ಎಂದುಕೊಂಡು ತಲೆ ತಗ್ಗಿಸಿದೆ.

"ಅವಳ ಮನೆಯಲ್ಲಿದ್ದದ್ದರಲ್ಲಿ ಅದೇ ಎಲ್ಲಕ್ಕಿಂತ ಒಳ್ಳೆಯದು" ಎಂದರು ನರ್ಸ್. "ಅದಕ್ಕೇ ಕೊಟ್ಟಳು."

ಆ ಹೆಂಗಸು ನನ್ನ ಮುಖ ನೋಡಿದಳು, ಹೌದೆಂದು ತಲೆಯಾಡಿಸಿದಳು. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಅಷ್ಟೂ ಮಾತನ್ನು ಹಾಗೇ ನಂಬಿಬಿಟ್ಟಳು.